ಹೊಸ ಎಸ್‌ಎಸ್‌ಡಿ ಹಾಕಿದ ಮ್ಯಾಲ ಮದರ್‌ಬೋರ್ಡ್ ಡ್ರೈವರ್ ಕೂಡ್ರವಲ್ದು: ನೆಟ್ ಇಲ್ಲ, ಮೂರು ಹಳದಿ ಗುರುತು

ಗದಗ_ಡಿಟಿಪಿ:
ಮಶೀನು ಬಿ560 ಮದರ್‌ಬೋರ್ಡ್, ಐ3-10105 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಳೇದೊಂದು 1 ಟಿಬಿ ಹಾರ್ಡ್ ಡಿಸ್ಕ್. ಹೊಸ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿಯನ್ನ (ಬೋರ್ಡಿಗೇ ನೇರ ಕೂಡ್ರೋ ವೇಗದ ಡಿಸ್ಕ್) ಪ್ರೊಸೆಸರ್ ಬಾಜೂಕಿನ ಎಂ.2 ಸ್ಲಾಟಿಗೆ ಹಾಕಿದ್ರ ಬಯೋಸ್‌ನ್ಯಾಗ ಕಾಣಲಿಲ್ಲ. ಕೆಳಗಿನ ಸ್ಲಾಟಿಗೆ ಹಾಕಿದ ಮ್ಯಾಲ ಕಂಡಿತು. ರೂಫಸ್ ಅನ್ನೋ ಟೂಲಿನಿಂದ ಪೆನ್‌ಡ್ರೈವ್ ಮಾಡಿ ವಿಂಡೋಸ್ 11 ಹೊಸದಾಗಿ ಹಾಕೀನಿ, ಮೈಕ್ರೋಸಾಫ್ಟ್ ಖಾತೆ ಬ್ಯಾಡ ಅನ್ನೋ ಟಿಕ್ ಹಾಕಿದ್ದಕ್ಕ ನೆಟ್ ಇಲ್ದ ಡೆಸ್ಕ್‌ಟಾಪ್ ತನಕ ಬಂತು. ಈಗ ಡಿವೈಸ್ ಮ್ಯಾನೇಜರಿನಾಗ ಮೂರು ಹಳದಿ ಗುರುತು: ಈಥರ್‌ನೆಟ್ ಕಂಟ್ರೋಲರ್, ಎಸ್‌ಎಂ ಬಸ್ ಕಂಟ್ರೋಲರ್, ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್. ಮೂರಕ್ಕೂ ಕೋಡ್ 28, ಅಂದ್ರ ಡ್ರೈವರ್ ಹಾಕಿಲ್ಲ ಅಂತ. ಬೋರ್ಡಿನ ಡಬ್ಬಿಯೊಳಗ ಬಂದ ಡ್ರೈವರ್ ಡಿವಿಡಿ ಐತಿ, ಆದ್ರ ಡಿವಿಡಿ ಡ್ರೈವ್ ಇಲ್ಲ. ನೆಟ್ ಇಲ್ದ ಡ್ರೈವರ್ ಇಲ್ಲ, ಡ್ರೈವರ್ ಇಲ್ದ ನೆಟ್ ಇಲ್ಲ. ಎಲ್ಲಿಂದ ಶುರು ಮಾಡೂದ್ರಿ?

ಕೇಶ್ವಾಪುರ_ಚಿಪ್‌ಸೆಟ್:
ಮೊದ್ಲ ಸ್ಲಾಟಿನ ಮಾತು ಮುಗಿಸಿಬಿಡ್ತೀನಿ, ಯಾಕಂದ್ರ ಎಸ್‌ಎಸ್‌ಡಿನ ಕೆಟ್ಟೈತಿ ಅಂತ ಅಂಗಡಿಗೆ ವಾಪಸ್ ಒಯ್ಯೋರು ಭಾಳ ಮಂದಿ. ಬಿ560ರ ಮ್ಯಾಲಿನ ಎಂ.2 ಸ್ಲಾಟು ನೇರ ಪ್ರೊಸೆಸರಿಗೆ ಕೂಡಿರ್ತೈತಿ. 11ನೇ ಪೀಳಿಗೆಯ ಪ್ರೊಸೆಸರಿನೊಳಗ 20 ಪಿಸಿಐ ಎಕ್ಸ್‌ಪ್ರೆಸ್ ಲೇನು (ಡೇಟಾ ಓಡಾಡೋ ದಾರಿ) ಅದಾವು: 16 ಗ್ರಾಫಿಕ್ಸ್ ಕಾರ್ಡಿಗೆ, 4 ಆ ಸ್ಲಾಟಿಗೆ. 10ನೇ ಪೀಳಿಗೆಯೊಳಗ ಇರೂದ 16. ನಿಮ್ಮ ಐ3-10105 ಜೋಡಿ ಆ ಸ್ಲಾಟು ಸತ್ತಂಗ, ಯಾವ ಡ್ರೈವರೂ ಅದನ್ನ ಎಬ್ಬಿಸಂಗಿಲ್ಲ. ಕೆಳಗಿನದು ಚಿಪ್‌ಸೆಟ್ಟಿನ (ಬೋರ್ಡಿನ ಉಳಿದ ಪೋರ್ಟು ನಡಿಸೋ ಚಿಪ್ಪು) ಸ್ಲಾಟು, ಅದರಾಗ ಪಿಸಿಐ ಎಕ್ಸ್‌ಪ್ರೆಸ್ ಜೆನ್ 3 ವೇಗ ಸಿಗ್ತೈತಿ. ಅಷ್ಟು ಸಾಕು.

ಈಗ ನೆಟ್. ಆಂಡ್ರಾಯ್ಡ್ ಫೋನನ್ನ ಡೇಟಾ ಕೇಬಲಿನಿಂದ ಹಚ್ಚಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಾಗ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. ಅದಕ್ಕ ಬೇಕಾದ ಡ್ರೈವರ್ ವಿಂಡೋಸಿನೊಳಗ ಮೊದ್ಲಿಂದ ಐತಿ. ಟೆದರಿಂಗ್ ಬಟನ್ ಮಸುಕಾಗಿ ಒತ್ತಲಿಕ್ಕೆ ಬರವಲ್ದು ಅಂದ್ರ ಕೇಬಲ್ ಬರೇ ಚಾರ್ಜಿಂಗಿಂದು, ಬ್ಯಾರೆ ಕೇಬಲ್ ಹಿಡೀರಿ. ಐಫೋನ್ ಆದ್ರ ಆಪಲ್‌ನ ಡ್ರೈವರ್ ಮೊದ್ಲ ಬೇಕು, ಅದು ಇಲ್ಲಿ ಉಪಯೋಗಿಲ್ಲ. ಫೋನಿನ ಡೇಟಾ ಉಳೀಬೇಕಂದ್ರ ಕೂಡಿದ ಕೂಡ್ಲೆ ಆ ಕನೆಕ್ಷನ್ನನ್ನ ಮೀಟರ್ಡ್ ಅಂತ ಗುರುತು ಮಾಡ್ರಿ, ಇಲ್ಲಂದ್ರ ವಿಂಡೋಸ್ ಅಪ್‌ಡೇಟ್ ದಿನದ ಪ್ಯಾಕೆಲ್ಲಾ ನುಂಗ್ತೈತಿ.

ಏನೂ ಡೌನ್‌ಲೋಡ್ ಮಾಡೂಕಿಂತ ಮೊದ್ಲ ಒಂದು ಕೆಲಸ. ಮೂರೂ ಹಳದಿ ಗುರುತಿನ ಮ್ಯಾಲ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿಸ್. ಮೊದ್ಲ ಸಾಲು ಇಲ್ಲಿ ಬರೀರಿ. ಬೋರ್ಡಿನ ಡಬ್ಬಿ, ಸ್ಟಿಕರು, ಅಂಗಡಿಯವರು ಹೇಳಿದ ಹೆಸರು ಯಾವುದನ್ನೂ ನಂಬಬ್ಯಾಡ್ರಿ. ಐಡಿ ಸುಳ್ಳು ಹೇಳಂಗಿಲ್ಲ.

ಗದಗ_ಡಿಟಿಪಿ:
ಮೂರಕ್ಕೂ ವೆನ್ 8086. ಈಥರ್‌ನೆಟ್ಟಿಗೆ ಡೆವ್ 15ಎಫ್‌ಎ, ಎಸ್‌ಎಂ ಬಸ್ಸಿಗೆ ಡೆವ್ 43ಎ3, ಸಿಂಪಲ್ ಕಮ್ಯುನಿಕೇಶನ್ಸಿಗೆ ಡೆವ್ 43ಇ0. ಟೆದರಿಂಗ್ ಆನ್ ಆಗೇತಿ.

ಕೇಶ್ವಾಪುರ_ಚಿಪ್‌ಸೆಟ್:
ವೆನ್ ಅಂದ್ರ ಚಿಪ್ ಮಾಡಿದವರು, ಡೆವ್ ಅಂದ್ರ ಯಾವ ಚಿಪ್ ಅಂತ. 8086 ಇಂಟೆಲ್. ಈ ದಾರ‍್ಯಾಗ ಸಿಗೂ ಉಳಿದ ಹೆಸರು: 10ಇಸಿ ರಿಯಲ್‌ಟೆಕ್, 1022 ಎಎಂಡಿ, 10ಡಿಇ ಎನ್‌ವಿಡಿಯಾ, 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್ಕಾಂ ಅಥೆರೋಸ್.

ನಿಮ್ಮ 15ಎಫ್‌ಎ ಅಂದ್ರ ಇಂಟೆಲ್ ಐ219-ವಿ, ಬೋರ್ಡಿನ ಮ್ಯಾಲಿನ 1 ಗಿಗಾಬಿಟ್ ಲ್ಯಾನ್. 43ಎ3 ಚಿಪ್‌ಸೆಟ್ಟಿನ ಎಸ್‌ಎಂ ಬಸ್. 43ಇ0 ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್‌ಫೇಸ್. ಹೆಸರು ನೋಡಿ ಮಂದಿ ಮೋಡೆಮ್ ಅಂತ ತಿಳೀತಾರ, ಇಲ್ಲಿ ಅದು ಮೋಡೆಮ್ ಅಲ್ಲ.

ಮೊದ್ಲ ಫೋನಿನ ನೆಟ್ಟಿನ ಮ್ಯಾಲ ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಡ್ವಾನ್ಸ್ಡ್ ಆಪ್ಷನ್ಸ್, ಆಪ್ಷನಲ್ ಅಪ್‌ಡೇಟ್ಸ್, ಅದರ ಕೆಳಗ ಡ್ರೈವರ್ ಅಪ್‌ಡೇಟ್ಸ್ ನೋಡ್ರಿ. ಮೂರರಾಗ ಎರಡಾದ್ರೂ ಅಲ್ಲೇ ಸಿಗ್ತಾವು. ಇದನ್ನ ಬಿಟ್ಟು ಸೀದಾ ಗೂಗಲ್ಲಿಗೆ ಹೋಗೋರ ಕಂಪ್ಯೂಟರಿನಾಗ ಕಡೀಕ ಇಪ್ಪತ್ತು ಜಾಹೀರಾತು ಕಿಟಕಿ ತೆರೀತಾವು. ಎಲ್ಲಾ ಡ್ರೈವರ್ ಒಂದೇ ಬಟನ್ನಿನಾಗ ಅನ್ನೋ ಆ ತಂತ್ರಾಂಶಗಳು ಬ್ಯಾಡ. ಅವು ಐಡಿ ಹೊಂದೋ ಡ್ರೈವರ್ ಹುಡುಕ್ತಾವು ಖರೆ, ಆದ್ರ ಬೋರ್ಡಿನವರು ತಿದ್ದಿದ ಆವೃತ್ತಿನ ತಗದು ಸಾಮಾನ್ಯದ್ದನ್ನ ಹಾಕಿಬಿಡ್ತಾವು. ಆಡಿಯೋದಾಗ ಇದು ಜಾಸ್ತಿ: ಡ್ರೈವರ್ ಸರಿ ಇದ್ರೂ ಮುಂದಿನ ಜ್ಯಾಕ್ ಸತ್ತಿರ್ತೈತಿ.

ಅಪ್‌ಡೇಟಿನಾಗ ಸಿಗದಿದ್ರ ಬೋರ್ಡ್ ತಯಾರಕರ ಸಪೋರ್ಟ್ ಪುಟ. ಮಾಡೆಲ್ ಹೆಸರಿಗೆ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಬೇಸ್‌ಬೋರ್ಡ್ ಪ್ರಾಡಕ್ಟ್ ಸಾಲು ಓದ್ರಿ. ಕೆಲವು ಬೋರ್ಡಿನ ಮೂಲ್ಯಾಗ ರೆವ್ 1.0, ರೆವ್ 1.1 ಅಂತ ಸಣ್ಣ ಅಕ್ಷರದಾಗ ಅಚ್ಚು ಇರ್ತೈತಿ. ಮಾಡೆಲ್ ಒಂದೇ ಇದ್ರೂ ರಿವಿಜನ್ ಬದಲಾದ್ರ ಲ್ಯಾನ್ ಚಿಪ್ಪೇ ಬದಲಾಗಿರಬಹುದು, ಹೊಂದದ ಡ್ರೈವರ್ ತಂದು ಕೂಡ್ರವಲ್ದು ಅಂತ ಬೈಯೋದು ಅಲ್ಲಿಂದ.

ಬೆಟಗೇರಿ_ಪಿಸಿ:
ಫೋನ್ ನೆಟ್ ಎದಕ್ಕ ಸುಡ್ತೀರಿ? ಹಳೇ ಹಾರ್ಡ್ ಡಿಸ್ಕ್ ಕೈಯಾಗ ಐತಲ್ಲ. ಅದರೊಳಗ ಹಳೇ ವಿಂಡೋಸ್ 10 ಫಾರ್ಮ್ಯಾಟ್ ಆಗದ ಉಳಿದಿದ್ರ ಈ ಬೋರ್ಡಿನ ಡ್ರೈವರೆಲ್ಲಾ ಅಲ್ಲೇ ಅದಾವು. ಡಿಸ್ಕ್ ಹಚ್ಚಿ, ಡಿವೈಸ್ ಮ್ಯಾನೇಜರಿನಾಗ ಈಥರ್‌ನೆಟ್ ಕಂಟ್ರೋಲರ್ ಮ್ಯಾಲ ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರ್, ಅದರೊಳಗ ಸಿಸ್ಟಮ್32, ಡ್ರೈವರ್‌ಸ್ಟೋರ್, ಫೈಲ್‌ರೆಪಾಸಿಟರಿ. ಇನ್‌ಕ್ಲೂಡ್ ಸಬ್‌ಫೋಲ್ಡರ್ಸ್ ಟಿಕ್ ಇರಲಿ. ಹೊಂದೋ ಐಎನ್‌ಎಫ್ ಫೈಲನ್ನ (ಡ್ರೈವರ್ ಯಾವ ಡಿವೈಸಿಗೆ ಅಂತ ಹೇಳೋ ಫೈಲು) ವಿಂಡೋಸೇ ಹುಡುಕಿ ತಗೊಳ್ತೈತಿ. 64 ಬಿಟ್ ವಿಂಡೋಸ್ 10ರ ಡ್ರೈವರ್ 11ರಾಗ ಸಾಮಾನ್ಯವಾಗಿ ನಡೀತಾವು, 32 ಬಿಟ್ಟಿನದು ನಡಿಯಂಗಿಲ್ಲ.

ಇನ್ನ ಎಸ್‌ಎಸ್‌ಡಿ ಹಾಕದವ್ರಿಗೆ ಇದಕ್ಕಿಂತ ಸುಲಭ ಐತಿ. ಹಳೇ ವಿಂಡೋಸ್ ನಡೀತಿರುವಾಗ್ಲೇ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಾಗ ಪಿಎನ್‌ಪಿಯುಟಿಲ್ ಟೂಲಿನ ಎಕ್ಸ್‌ಪೋರ್ಟ್-ಡ್ರೈವರ್ ಆಯ್ಕೆ ಕೊಟ್ಟು, ಮುಂದ ಒಂದು ನಕ್ಷತ್ರ ಚಿಹ್ನೆ, ಆಮ್ಯಾಲ ಪೆನ್‌ಡ್ರೈವಿನ ಒಂದು ಖಾಲಿ ಫೋಲ್ಡರ್ ಹೆಸರು. ಹೊರಗಿಂದ ಹಾಕಿದ ಎಲ್ಲಾ ಡ್ರೈವರ್ ಆ ಫೋಲ್ಡರಿಗೆ ಬಂದು ಬೀಳ್ತಾವು. ಫೋಲ್ಡರ್ ಮೊದ್ಲ ಮಾಡಿ ಇಟ್ಟಿರಬೇಕು, ತಾನಾಗೇ ಹುಟ್ಟಂಗಿಲ್ಲ.

ಧಾರವಾಡ_ಲ್ಯಾಬ್:
ಬೆಟಗೇರಿಯವ್ರು ಹೇಳಿದ್ದಕ್ಕ ಒಂದು ಮಾತು ಕೂಡಸ್ತೀನಿ. ಹಂಗ ತಂದ ಡ್ರೈವರಿನೊಳಗ ಲ್ಯಾನ್, ಚಿಪ್‌ಸೆಟ್, ಎಂಜಿನ್ ಇಂಟರ್‌ಫೇಸ್ ಸರಿಯಾಗ್ತಾವ. ಗ್ರಾಫಿಕ್ಸ್ ಮತ್ತ ಆಡಿಯೋ ಮಾತ್ರ ಹೊಸದಾಗಿ ಹಾಕೋದು ಛಲೋ. ಇವೆರಡರ ಕಂಟ್ರೋಲ್ ಪ್ಯಾನೆಲ್ ಬ್ಯಾರೆ ಆ್ಯಪ್ ಆಗಿ ಬರ್ತದ, ಡ್ರೈವರ್‌ಸ್ಟೋರಿನಿಂದ ಬರೋದಿಲ್ಲ. ಡ್ರೈವರ್ ಕೂತಿರ್ತದ, ಸೆಟ್ಟಿಂಗ್ ತೆರೀಲಿಕ್ಕೆ ಬಾಗಿಲ ಇರೋದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರ ಬಗ್ಗೆನೂ ಬಹಳ ಗಾಬರಿ ಬ್ಯಾಡ್ರಿ. ಚಿಪ್‌ಸೆಟ್ ಮೊದಲ ಹಾಕದಿದ್ರ ಕಂಪ್ಯೂಟರ್ ಕೆಡ್ತದ ಅನ್ನೋ ಮಾತು ಹಳೇ ಕಾಲದ್ದು. ಇಂಟೆಲ್ ಚಿಪ್‌ಸೆಟ್ ಐಎನ್‌ಎಫ್ ಪ್ಯಾಕು ಕೆಲವೇ ಎಂಬಿ ಅದ, ಅದರೊಳಗ ಬಹುತೇಕ ಇರೋದು ಡಿವೈಸುಗಳ ಹೆಸರಷ್ಟ. ಎಸ್‌ಎಂ ಬಸ್ ಹಳದಿ ಉಳಿದ್ರ ವೇಗಕ್ಕ ಏನೂ ಆಗೋದಿಲ್ಲ, ಕಣ್ಣಿಗೆ ಚುಚ್ಚತದ ಅಷ್ಟ. ಎಎಂಡಿ ಬೋರ್ಡಿನ ಮಾತು ಬ್ಯಾರೆ: ಅವರ ಚಿಪ್‌ಸೆಟ್ ಪ್ಯಾಕಿನಾಗ ಪಿಎಸ್‌ಪಿ (ಭದ್ರತಾ ಪ್ರೊಸೆಸರ್), ಜಿಪಿಐಒ (ಚಿಪ್ಪಿನ ಪಿನ್ ನಿಯಂತ್ರಣ), ಪವರ್ ನಿರ್ವಹಣೆ ಎಲ್ಲಾ ಖರೇ ಡ್ರೈವರ್ ಅವ. ಎಎಂಡಿಯೊಳಗ ಪಿಸಿಐ ಎನ್‌ಕ್ರಿಪ್ಷನ್ ಡಿಕ್ರಿಪ್ಷನ್ ಕಂಟ್ರೋಲರ್ ಅಂತ ಹಳದಿ ಬಂದ್ರ ಅದು ಪಿಎಸ್‌ಪಿ, ಚಿಪ್‌ಸೆಟ್ ಪ್ಯಾಕ್ ಹಾಕಿದ್ರ ಹೋಗ್ತದ.

ಒಂದೇ ಕಡೆ ಕ್ರಮ ಖರೇ ಬೇಕಾಗ್ತದ. ಹೊಸ ಇಂಟೆಲ್ ಲ್ಯಾಪ್‌ಟಾಪಿನಾಗ ಸ್ಮಾರ್ಟ್ ಸೌಂಡ್ ಡ್ರೈವರ್ ಮೊದಲ, ರಿಯಲ್‌ಟೆಕ್ ಆಮೇಲೆ. ಆಡಿಯೋ ಚಿಪ್ಪು ಸ್ಮಾರ್ಟ್ ಸೌಂಡಿನ ಬಸ್ಸಿನ ಕೆಳಗ ಇರ್ತದ. ಬಸ್ಸೇ ಏಳದಿದ್ರ ಅದರ ಕೆಳಗಿನ ಚಿಪ್ಪು ವಿಂಡೋಸಿಗೆ ಕಾಣೋದ ಇಲ್ಲ.

ಗದಗ_ಡಿಟಿಪಿ:
ಡ್ರೈವರ್‌ಸ್ಟೋರಿನಿಂದ ಲ್ಯಾನ್ ಬಂತು, ಎಂಜಿನ್ ಇಂಟರ್‌ಫೇಸೂ ಬಂತು. ಎಸ್‌ಎಂ ಬಸ್ ಆಪ್ಷನಲ್ ಅಪ್‌ಡೇಟಿನಾಗ ಸಿಕ್ಕಿತು. ಇನ್ನೊಂದು: ಇನ್‌ಸ್ಟಾಲ್ ವ್ಯಾಳ್ಯಾಕ್ಕ ಎರಡೂ ಡಿಸ್ಕ್ ಹಚ್ಚಿದ್ದವು. ಹಳೇ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿ ಬರೇ ಫೈಲ್ ಇಡಲಿಕ್ಕೆ ಉಪಯೋಗಿಸಬೇಕು ಅಂತ ಐತಿ. ಈಗ ಮಾಡಬಹುದಾ?

ಕೇಶ್ವಾಪುರ_ಚಿಪ್‌ಸೆಟ್:
ತಡೀರಿ, ಫಾರ್ಮ್ಯಾಟ್ ಬ್ಯಾಡ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇಎಫ್‌ಐ ಸಿಸ್ಟಮ್ ಪಾರ್ಟಿಶನ್ (ಬೂಟ್ ಫೈಲ್ ಇರೂ ಜಾಗ) ಅಂತ ಬರೆದ 100 ಎಂಬಿ ತುಂಡು ಯಾವ ಡಿಸ್ಕಿನ ಸಾಲಿನ್ಯಾಗ ಐತಿ ನೋಡ್ರಿ.

ಗದಗ_ಡಿಟಿಪಿ:
ಡಿಸ್ಕ್ 0, ಅಂದ್ರ ಹಳೇ ಹಾರ್ಡ್ ಡಿಸ್ಕಿನ ಮ್ಯಾಲ. ಎಸ್‌ಎಸ್‌ಡಿ ಮ್ಯಾಲ ಸಿ ಡ್ರೈವ್ ಮತ್ತ ರಿಕವರಿ ಅಷ್ಟ ಅದಾವು.

ಕೇಶ್ವಾಪುರ_ಚಿಪ್‌ಸೆಟ್:
ಅನುಮಾನ ಇದ್ದದ್ದು ಇದೇ. ವಿಂಡೋಸ್ ಸೆಟಪ್ಪಿಗೆ ಮೊದ್ಲಿಂದ ಒಂದು ಇಎಫ್‌ಐ ಪಾರ್ಟಿಶನ್ ಕಂಡ್ರ ಹೊಸದು ಮಾಡಂಗಿಲ್ಲ, ಅದರೊಳಗ ಬೂಟ್ ಫೈಲ್ ಬರೆದುಬಿಡ್ತೈತಿ. ವಿಂಡೋಸ್ ಎಸ್‌ಎಸ್‌ಡಿ ಮ್ಯಾಲ, ಬಾಗಿಲಿನ ಕೀಲಿ ಹಳೇ ಡಿಸ್ಕಿನ ಮ್ಯಾಲ. ಹಾರ್ಡ್ ಡಿಸ್ಕ್ ತಗದ್ರ ಅಥವಾ ಅದು ಕೆಟ್ಟ್ರ ಎಸ್‌ಎಸ್‌ಡಿ ಗಟ್ಟಿಮುಟ್ಟಿದ್ರೂ ಮಶೀನು ಏಳಂಗಿಲ್ಲ. ಅದಕ್ಕ ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಟ್ಟು ಮಾಡಬೇಕು.

ಮತ್ತೊಮ್ಮಿ ಇನ್‌ಸ್ಟಾಲ್ ಮಾಡೂದೇನೂ ಬೇಕಾಗಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಾಗ ಸಿ ಡ್ರೈವಿನ ಮ್ಯಾಲ ಶ್ರಿಂಕ್ ವಾಲ್ಯೂಮ್ ಕೊಟ್ಟು 300 ಎಂಬಿ ಬಿಡಿಸ್ರಿ. ಆಮ್ಯಾಲ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಾಗ ಡಿಸ್ಕ್‌ಪಾರ್ಟ್. ಲಿಸ್ಟ್ ಡಿಸ್ಕ್ ಕೊಟ್ಟು 500 ಜಿಬಿಯದರ ನಂಬರ್ ನೋಡಿ ಅದನ್ನ ಸೆಲೆಕ್ಟ್ ಮಾಡ್ರಿ. ಮುಂದ ಕ್ರಮವಾಗಿ ಮೂರು ಆಜ್ಞೆ: ಕ್ರಿಯೇಟ್ ಪಾರ್ಟಿಶನ್ ಇಎಫ್‌ಐ ಸೈಜ್=260, ಫಾರ್ಮ್ಯಾಟ್ ಕ್ವಿಕ್ ಎಫ್‌ಎಸ್=ಫ್ಯಾಟ್32, ಅಸೈನ್ ಲೆಟರ್=ಎಸ್. ಎಕ್ಸಿಟ್ ಕೊಟ್ಟು ಹೊರಗ ಬಂದು ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಎಸ್: /ಎಫ್ ಯುಇಎಫ್‌ಐ. ಬೂಟ್ ಫೈಲ್ಸ್ ಸಕ್ಸೆಸ್‌ಫುಲ್ಲಿ ಕ್ರಿಯೇಟೆಡ್ ಅಂತ ಬಂದ್ರ ಆತು. ಡಿಸ್ಕ್‌ಪಾರ್ಟಿನಾಗ ಕ್ಲೀನ್ ಅನ್ನೋ ಆಜ್ಞೆ ಮಾತ್ರ ಅಪ್ಪಿತಪ್ಪಿನೂ ಕೊಡಬ್ಯಾಡ್ರಿ, ಅದು ಕೇಳದ ಇಡೀ ಡಿಸ್ಕಿನ ಪಾರ್ಟಿಶನ್ ಒರೆಸ್ತೈತಿ.

ಆಮ್ಯಾಲ ಬಂದ್ ಮಾಡಿ, ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು, ಬಯೋಸ್‌ನ್ಯಾಗ ಎಸ್‌ಎಸ್‌ಡಿಯ ವಿಂಡೋಸ್ ಬೂಟ್ ಮ್ಯಾನೇಜರ್ ಮೊದ್ಲ ಇಟ್ಟು ಚಾಲೂ ಮಾಡಿ ನೋಡ್ರಿ. ಎದ್ರ ಮಾತ್ರ ಹಳೇ ಡಿಸ್ಕ್ ಫಾರ್ಮ್ಯಾಟ್. ಫಾರ್ಮ್ಯಾಟಿಗೆ ಮೊದ್ಲ ಹಳೇ ಡಿಸ್ಕಿನ್ಯಾಗಿನ ನುಡಿ ಫಾಂಟು, ಪೇಜ್‌ಮೇಕರ್ ಫೈಲು ತಗದಿಟ್ಟುಕೊಳ್ರಿ. ನುಡಿಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್ ಇಲ್ದ ಹಳೇ ಫೈಲ್ ತೆರೆದ್ರ ಅಕ್ಷರದ ಬದಲಿ ಚಿತ್ತಾರ ಕಾಣ್ತೈತಿ, ಗಿರಾಕಿ ಮುಂದ ನಿಂತಿರುವಾಗ ಅದು ಬ್ಯಾಡ.

ಬೆಟಗೇರಿ_ಪಿಸಿ:
ಕೇಬಲ್ ಮತ್ತ ಹಚ್ಚುವಾಗ ಹಾರ್ಡ್ ಡಿಸ್ಕ್ ಕಾಣದಿದ್ರ ಗಾಬರಿ ಆಗಬ್ಯಾಡ್ರಿ. ಕೆಲವು ಬೋರ್ಡಿನಾಗ ಚಿಪ್‌ಸೆಟ್ಟಿನ ಎಂ.2 ಸ್ಲಾಟು ಒಂದು ಸಾಟಾ ಪೋರ್ಟಿನ ಜೋಡಿ ಲೇನು ಹಂಚಿಕೊಂಡಿರ್ತೈತಿ. ಎಂ.2 ತುಂಬಿದ್ರ ಆ ಪೋರ್ಟ್ ಬಂದ್. ಯಾವ ಪೋರ್ಟು ಅನ್ನೋದು ಮ್ಯಾನ್ಯುಯಲ್ಲಿನ ಸ್ಟೋರೇಜ್ ಪುಟದಾಗ ಸಣ್ಣ ಕೋಷ್ಟಕದಾಗ ಇರ್ತೈತಿ. ಕೇಬಲನ್ನ ಬಾಜೂಕಿನ ಪೋರ್ಟಿಗೆ ಬದಲಿ ಮಾಡಿದ್ರ ಡಿಸ್ಕ್ ವಾಪಸ್ ಬರ್ತೈತಿ.

ಸಪ್ತಾಪುರ_ಸ್ಟಡಿ:
ಇದೇ ವಿಷಯಕ್ಕ ಹತ್ತಿರದ ಪ್ರಶ್ನೆ ಸರ್. ಲ್ಯಾಪ್‌ಟಾಪು, ಐ5-1135ಜಿ7. 256 ಜಿಬಿ ತಗದು 1 ಟಿಬಿ ಎನ್‌ವಿಎಂಇ ಹಾಕಿದ್ದು. ಬಯೋಸ್‌ನಲ್ಲಿ ಎಸ್‌ಎಸ್‌ಡಿ ಹೆಸರು ಕಾಣ್ತದ, ವಿಂಡೋಸ್ ಸೆಟಪ್‌ನಲ್ಲಿ ಡಿಸ್ಕ್ ಪಟ್ಟಿ ಖಾಲಿ. ಲೋಡ್ ಡ್ರೈವರ್ ಅಂತ ಕೇಳ್ತದ. ಇಂಟೆಲ್ ಪುಟದಿಂದ ಸೆಟಪ್ ಆರ್‌ಎಸ್‌ಟಿ ಫೈಲ್ (ಇಂಟೆಲ್ ಸ್ಟೋರೇಜ್ ಡ್ರೈವರಿನ ಇನ್‌ಸ್ಟಾಲರ್) ಪೆನ್‌ಡ್ರೈವಿಗೆ ಹಾಕಿ ತೋರಿಸಿದ್ರೂ ಡ್ರೈವರ್ ಸಿಗಲಿಲ್ಲ ಅಂತದ.

ಧಾರವಾಡ_ಲ್ಯಾಬ್:
11ನೇ ಪೀಳಿಗೆಯಿಂದ ಇತ್ತೀಚೆಗೆ ಬರೋ ಇಂಟೆಲ್ ಲ್ಯಾಪ್‌ಟಾಪಿನಾಗ ಇದು ನಿತ್ಯದ ತೊಂದರೆ. ಬಯೋಸ್‌ನಲ್ಲಿ ವಿಎಂಡಿ ಅನ್ನೋ ಕಂಟ್ರೋಲರ್ ಆನ್ ಇರ್ತದ. ಅದು ಎನ್‌ವಿಎಂಇ ಡಿಸ್ಕನ್ನ ತನ್ನ ಹಿಂದ ಮರೆ ಮಾಡಿ ಇಟ್ಟುಕೊಂಡಿರ್ತದ. ವಿಂಡೋಸ್ ಸೆಟಪ್ಪಿನಾಗ ಸಾದಾ ಎನ್‌ವಿಎಂಇ ಡ್ರೈವರ್ ಅದ, ಆದ್ರ ವಿಎಂಡಿಯ ಡ್ರೈವರ್ ಇರೋದಿಲ್ಲ. ಹಂಗಾಗಿ ಬಯೋಸಿಗೆ ಕಾಣ್ತದ, ಸೆಟಪ್ಪಿಗೆ ಕಾಣೋದಿಲ್ಲ. ಎಸ್‌ಎಸ್‌ಡಿ ಸರಿನೇ ಅದ.

ದಾರಿ ಎರಡು. ಒಂದೇ ಎಸ್‌ಎಸ್‌ಡಿ ಇರೋ ಲ್ಯಾಪ್‌ಟಾಪಿಗೆ, ಹೊಸದಾಗಿ ವಿಂಡೋಸ್ ಹಾಕೋದಾದ್ರ, ನನ್ನ ಮಾತು ವಿಎಂಡಿ ಆಫ್ ಮಾಡ್ರಿ ಅಂತ. ರೇಡ್ (ಹಲವು ಡಿಸ್ಕ್ ಒಂದಾಗಿ ಕೂಡಿಸೋದು) ಮಾಡೋರಿಗೆ ಅದು ಬೇಕು, ಉಳಿದವ್ರಿಗೆ ಅದರಿಂದ ಕಣ್ಣಿಗೆ ಕಾಣೋ ಲಾಭ ಇಲ್ಲ. ಬಯೋಸ್‌ನಲ್ಲಿ ಅಡ್ವಾನ್ಸ್ಡ್ ಅಥವಾ ಸ್ಟೋರೇಜ್ ಕೆಳಗ ವಿಎಂಡಿ ಕಂಟ್ರೋಲರ್, ಡಿಸೇಬಲ್ಡ್. ಏಸರ್ ಲ್ಯಾಪ್‌ಟಾಪುಗಳಲ್ಲಿ ಆ ಸಾಲು ಅಡಗಿರ್ತದ, ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತ ಎಸ್ ಕೂಡಿ ಒತ್ತಿದ್ರ ಹೊರಗ ಬರ್ತದ.

ಆ ಸಾಲು ಇಲ್ಲದ ಲ್ಯಾಪ್‌ಟಾಪಿಗೆ ಡ್ರೈವರ್ ದಾರಿನೇ ಗತಿ. ನಿಮ್ಮ ಪೆನ್‌ಡ್ರೈವಿನಾಗ ಸಿಗದ ಕಾರಣ ಹೇಳ್ತೀನಿ. ಸೆಟಪ್ಪಿಗೆ ಇಎಕ್ಸ್‌ಇ ಫೈಲ್ ಓದಲಿಕ್ಕೆ ಬರೋದಿಲ್ಲ. ಅದಕ್ಕ ಬೇಕಾದದ್ದು ಒಳಗಿನ ಐಎನ್‌ಎಫ್, ಎಸ್‌ವೈಎಸ್, ಸಿಎಟಿ ಫೈಲು. ಇನ್ನೊಂದು ಕಂಪ್ಯೂಟರಿನಾಗ ಕಮಾಂಡ್ ಪ್ರಾಂಪ್ಟ್ ತೆರೆದು, ಸೆಟಪ್ ಆರ್‌ಎಸ್‌ಟಿ ಫೈಲಿನ ಹೆಸರು ಬರೆದು, ಒಂದು ಜಾಗ ಬಿಟ್ಟು ಅಡ್ಡಗೆರೆ ಹಾಕಿ ಎಕ್ಸ್‌ಟ್ರ್ಯಾಕ್ಟ್‌ಡ್ರೈವರ್ಸ್ ಅಂತ ಕೂಡಿಸಿ ಬರೆದು, ಮುಂದ ಫೋಲ್ಡರ್ ಹೆಸರು ಕೊಡ್ರಿ. ಬಿಚ್ಚಿದ ಆ ಫೋಲ್ಡರನ್ನ ವಿಂಡೋಸ್ ಇರೋ ಅದೇ ಪೆನ್‌ಡ್ರೈವಿಗೆ ಹಾಕಬಹುದು, ಎರಡನೇ ಪೆನ್‌ಡ್ರೈವ್ ಬ್ಯಾಡ. ಲೋಡ್ ಡ್ರೈವರ್, ಬ್ರೌಸ್, ಫೋಲ್ಡರ್ ತೋರಿಸ್ರಿ. ಪಟ್ಟಿಯಲ್ಲಿ ವಿಎಂಡಿ ಕಂಟ್ರೋಲರ್ 9ಎ0ಬಿ ಅಂತ ಬಂದ್ರ ಅದೇ ನಿಮ್ಮದು. 12ನೇ ಪೀಳಿಗೆಯವ್ರಿಗೆ 467ಎಫ್, 13ಕ್ಕ ಎ77ಎಫ್. ಪಟ್ಟಿ ಖಾಲಿ ಬಂದ್ರ ಆವೃತ್ತಿ ಹೊಂದಿಲ್ಲ ಅಂತ ಅರ್ಥ. ನಿಮ್ಮ 11ನೇ ಪೀಳಿಗೆಗೆ 19ರ ಸರಣಿಯದ್ದನ್ನ ತಗೋರಿ, ಇಲ್ಲಾ ಲ್ಯಾಪ್‌ಟಾಪ್ ತಯಾರಕರ ಪುಟದಲ್ಲಿ ನಿಮ್ಮ ಮಾಡೆಲ್ಲಿನ ಕೆಳಗ ಇರೋದನ್ನ. ಬರೇ ಹೊಸದು ಅಂತ ತಗೊಂಡ್ರ ಹಳೇ ಪೀಳಿಗೆ ಅದರಾಗ ಇರೋದಿಲ್ಲ.

ಕೇಶ್ವಾಪುರ_ಚಿಪ್‌ಸೆಟ್:
ಒಂದು ಎಚ್ಚರ. ಹಳೇ ವಿಂಡೋಸನ್ನ ಹೊಸ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದವ್ರು ವಿಎಂಡಿ ಮುಟ್ಟಬಾರದು. ಆ ವಿಂಡೋಸಿಗೆ ವಿಎಂಡಿ ಡ್ರೈವರಿನಿಂದ ಬೂಟ್ ಆಗಿ ರೂಢಿ. ಆಫ್ ಮಾಡಿದ್ರ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ನಿಲ್ತೈತಿ. ಮತ್ತ ಆನ್ ಮಾಡಿದ್ರ ಏಳ್ತೈತಿ, ಅಲ್ಲಿಗೆ ಬಿಟ್ರ ಛಲೋ. ಆಫ್ ಮಾಡ್ಲೇಬೇಕು ಅಂದ್ರ, ಮೊದ್ಲ ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬಿನಾಗ ಸೇಫ್ ಬೂಟ್, ಮಿನಿಮಲ್ ಟಿಕ್ ಮಾಡಿ ರೀಸ್ಟಾರ್ಟ್ ಆಗುವಾಗ ಬಯೋಸಿಗೆ ಹೋಗಿ ವಿಎಂಡಿ ಬದಲಿಸ್ರಿ. ಸೇಫ್ ಮೋಡ್‌ನ್ಯಾಗ ಒಮ್ಮಿ ಎದ್ರ ವಿಂಡೋಸ್ ಸಾದಾ ಎನ್‌ವಿಎಂಇ ಡ್ರೈವರ್ ಹಿಡೀತೈತಿ, ಆಮ್ಯಾಲ ಆ ಟಿಕ್ ತಗೀರಿ. ಹಳೇ ಬೋರ್ಡಿನಾಗ ಸಾಟಾ ಡಿಸ್ಕ್ ನಡಿಸೋ ರೀತಿಯನ್ನ ಐಡಿಇ ಇಂದ ಎಎಚ್‌ಸಿಐಗೆ ಬದಲಿಸಲಿಕ್ಕೂ ಇದೇ ಉಪಾಯ.

ಅದಕ್ಕೂ ಮೊದ್ಲ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಎನ್‌ಕ್ರಿಪ್ಷನ್) ಸಸ್ಪೆಂಡ್ ಮಾಡಿರಬೇಕು, ಇಲ್ಲಂದ್ರ ಬಯೋಸ್ ಬದಲಾದ ಕೂಡ್ಲೆ 48 ಅಂಕಿಯ ರಿಕವರಿ ಕೀ ಕೇಳ್ತೈತಿ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ ಹೊಸ ಇನ್‌ಸ್ಟಾಲ್‌ನ್ಯಾಗ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗ್ತೈತಿ, ಮಾಲಕರಿಗೆ ಗೊತ್ತೂ ಇರಂಗಿಲ್ಲ. ಕೀ ಅದೇ ಖಾತೆಯ ರಿಕವರಿ ಕೀ ಪುಟದಾಗ ಇರ್ತೈತಿ. ತಗದಿಟ್ಟ 256 ಜಿಬಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರ, ಎನ್‌ಕ್ಲೋಜರಿಗೆ ಹಾಕಿ ಫೈಲ್ ತಗೀಬೇಕಂದ್ರೂ ಆ ಡಿಸ್ಕಿನ ಕೀ ಬೇಕು. ಕೀ ಬರೆದಿಟ್ಟುಕೊಳ್ಳದ ಡಿಸ್ಕ್ ಬಿಚ್ಚಬ್ಯಾಡ್ರಿ.

ಸಪ್ತಾಪುರ_ಸ್ಟಡಿ:
ವಿಎಂಡಿ ಆಫ್ ಮಾಡಿದೆ, ಡಿಸ್ಕ್ ಬಂತು, ವಿಂಡೋಸ್ ಕೂತಿತು. ಈಗ ಟಚ್‌ಪ್ಯಾಡ್ ಇಲ್ಲ, ವೈಫೈ ಇಲ್ಲ. ಯುಎಸ್‌ಬಿ ಮೌಸ್ ನಡೀತದ.

ಧಾರವಾಡ_ಲ್ಯಾಬ್:
ಈಗಿನ ಟಚ್‌ಪ್ಯಾಡು ಐ2ಸಿ ಬಸ್ಸಿನ ಮೇಲೆ ಕೂತಿರ್ತದ. ಆ ಬಸ್ಸಿಗೆ ಇಂಟೆಲ್ ಸೀರಿಯಲ್ ಐಒ ಡ್ರೈವರ್ ಬೇಕು. ಟಚ್‌ಪ್ಯಾಡ್ ಕಂಪನಿಯ ಡ್ರೈವರ್ ಹುಡುಕಬ್ಯಾಡ್ರಿ, ಸೀರಿಯಲ್ ಐಒ ಹಾಕಿ ರೀಸ್ಟಾರ್ಟ್ ಮಾಡಿದ್ರ ಸಾದಾ ಎಚ್‌ಐಡಿ ಟಚ್‌ಪ್ಯಾಡ್ ಆಗಿ ತಾನೇ ಬರ್ತದ. ವೈಫೈಗೆ ನೆಟ್‌ವರ್ಕ್ ಕಂಟ್ರೋಲರಿನ ಐಡಿ ನೋಡ್ರಿ. ವೆನ್ 8086, ಡೆವ್ ಎ0ಎಫ್0 ಇದ್ರ ಇಂಟೆಲ್ ಎಎಕ್ಸ್201. ವೆನ್ 14ಸಿ3, ಡೆವ್ 7961 ಇದ್ರ ಮೀಡಿಯಾಟೆಕ್. ಲ್ಯಾಪ್‌ಟಾಪ್ ಒಂದೇ ಮಾಡೆಲ್ ಇದ್ರೂ ವೈಫೈ ಕಾರ್ಡ್ ಎರಡು ಮೂರು ಕಂಪನಿದು ಬಂದಿರ್ತಾವ, ಸಪೋರ್ಟ್ ಪುಟದಾಗ ಎಲ್ಲಾ ಇರ್ತಾವ, ನಿಮ್ಮದು ಯಾವುದು ಅನ್ನೋದು ಐಡಿ ಒಂದೇ ಹೇಳೋದು.

ಹಾವೇರಿ_ಬಜಾರ್:
ನಮ್ಮ ಕಡೆ ಅಡತಿ ಅಂಗಡ್ಯಾಗ ಎಲ್ಲಾ ಹಳೇ ಎಚ್61, ಎಚ್81 ಬೋರ್ಡ್. ಕೆಲವಕ್ಕ ಕಂಪನಿ ಹೆಸರ ಇಲ್ಲ. ಒಂದು ಎಚ್61ಕ್ಕ ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಹಾಕಿ ಎನ್‌ವಿಎಂಇ ಕೂಡ್ರಿಸೈತಿ. ವಿಂಡೋಸ್ ಒಳಗ ಡ್ರೈವ್ ಕಾಣ್ತೈತಿ, ಅದರಿಂದ ಬೂಟ್ ಆಗವಲ್ದು. ಡ್ರೈವರ್ ಯಾವುದು ಹಾಕಬೇಕ್ರಿ?

ಬೆಟಗೇರಿ_ಪಿಸಿ:
ಅದು ಡ್ರೈವರಿನ ಕೆಲಸ ಅಲ್ಲ. ಬೂಟ್ ಆಗುವಾಗ ಡಿಸ್ಕ್ ಓದೋದು ಬಯೋಸ್, ಎಚ್61 ಕಾಲದ ಬಯೋಸಿಗೆ ಎನ್‌ವಿಎಂಇ ಅಂದ್ರ ಏನಂತ ಗೊತ್ತಿಲ್ಲ. ವಿಂಡೋಸ್ ಎದ್ದ ಮ್ಯಾಲ ಅದರ ಡ್ರೈವರ್ ಓದ್ತೈತಿ, ಅದಕ್ಕ ಒಳಗ ಕಾಣ್ತೈತಿ. ಬಯೋಸ್ ತಿದ್ದಿ ಎನ್‌ವಿಎಂಇ ಮಾಡ್ಯೂಲ್ ಸೇರಿಸೋರು ಅದಾರ, ದಿನಾ ಲೆಕ್ಕ ಬರೆಯೋ ಮಶೀನಿಗೆ ಆ ಸಾಹಸ ಬ್ಯಾಡ. ಎನ್‌ವಿಎಂಇ ಬ್ಯಾರೆ ಮಶೀನಿಗೆ ಇಟ್ಟು, ಇದಕ್ಕ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕ್ರಿ. ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟೆಲ್ಲಾ 3 ಗಿಗಾಬಿಟ್ಟಿನವು, ಸೆಕೆಂಡಿಗೆ 270 ಎಂಬಿ ಆಸುಪಾಸು ಸಿಗ್ತೈತಿ. ಡಬ್ಬಿ ಮ್ಯಾಲ 550 ಅಂತ ಬರೆದದ್ದು ಬರಂಗಿಲ್ಲ, ಆದ್ರೂ ಹಾರ್ಡ್ ಡಿಸ್ಕಿನ ಮುಂದ ಹಗಲು ರಾತ್ರಿ ಫರಕ್ ಐತಿ. ಎಚ್81ರಾಗ ಎರಡು ಪೋರ್ಟ್ 6 ಗಿಗಾಬಿಟ್ಟಿನವು, ಎರಡು 3ರವು. ಎಸ್‌ಎಸ್‌ಡಿ ಕೇಬಲ್ ಯಾವುದಕ್ಕ ಹಚ್ಚೀರಿ ಅನ್ನೋದು ನೋಡಿ ಹಚ್ಚಬೇಕು, ಬೋರ್ಡಿನ ಮ್ಯಾಲ ಸಾಟಾ3 ಅಂತ ಅಚ್ಚು ಇರ್ತೈತಿ ಇಲ್ಲಾ ಬಣ್ಣ ಬ್ಯಾರೆ ಇರ್ತೈತಿ.

ಹೆಸರಿಲ್ಲದ ಬೋರ್ಡಿಗೆ ಸಪೋರ್ಟ್ ಪುಟ ಇರಂಗಿಲ್ಲ, ಬೇಕಾಗೂದೂ ಇಲ್ಲ. ಲ್ಯಾನ್ ಹೆಚ್ಚಾಗಿ ರಿಯಲ್‌ಟೆಕ್ 8168, ವಿಂಡೋಸಿನೊಳಗ ಅದರ ಡ್ರೈವರ್ ಐತಿ. ಉಳಿದದ್ದು ವಿಂಡೋಸ್ ಅಪ್‌ಡೇಟ್.

ಬ್ಯಾಡಗಿ ಕಡೆ ಮೆಣಸಿನಕಾಯಿ ಅಂಗಡಿ ಮಶೀನಿನಾಗ ಸ್ಲಾಟಿನ ಧೂಳೂ ನೋಡ್ರಿ. ಖಾರದ ಪುಡಿ ಕೂತ ಸ್ಲಾಟಿಗೆ ಎಸ್‌ಎಸ್‌ಡಿ ತುರುಕಿದ್ರ ಒಮ್ಮಿ ಕಾಣ್ತೈತಿ, ಒಮ್ಮಿ ಇಲ್ಲ, ಮಂದಿ ಡ್ರೈವರ್ ಬದಲಿಸ್ಕೊಂತ ಕೂಡ್ತಾರ. ಬಾಯಿಂದ ಊದಬ್ಯಾಡ್ರಿ, ಉಗುಳಿನ ಹಸಿ ತಾಗ್ತೈತಿ. ಬ್ಲೋವರ್ ಮತ್ತ ಒಣ ಬ್ರಶ್.

ಹಾವೇರಿ_ಬಜಾರ್:
ಸಾಟಾ ಎಸ್‌ಎಸ್‌ಡಿಗೆ ವಿಂಡೋಸ್ 10 ಹಾಕಲೋ 11 ಹಾಕಲೋ? ಪೆನ್‌ಡ್ರೈವಿನಿಂದ ಹಾಕುವಾಗ ಮೀಡಿಯಾ ಡ್ರೈವರ್ ಮಿಸ್ಸಿಂಗ್ ಅಂತೂ ಬರ್ತೈತಿ.

ಕೇಶ್ವಾಪುರ_ಚಿಪ್‌ಸೆಟ್:
ಆ ಮೀಡಿಯಾ ಡ್ರೈವರ್ ಮಾತು ಬಹುತೇಕ ಸುಳ್ಳು. ಸೆಟಪ್ಪಿಗೆ ತನ್ನದೇ ಪೆನ್‌ಡ್ರೈವ್ ಮುಂದ ಓದಲಿಕ್ಕೆ ಆಗದಿದ್ರೂ ಅದೇ ಸಂದೇಶ ಬರ್ತೈತಿ. ನೀಲಿ ಯುಎಸ್‌ಬಿ 3 ಪೋರ್ಟಿನಿಂದ ತಗದು ಹಿಂದಿನ ಕರಿ ಯುಎಸ್‌ಬಿ 2 ಪೋರ್ಟಿಗೆ ಹಚ್ರಿ. ಆಗ್ಲಿಲ್ಲಂದ್ರ ಐಎಸ್‌ಒ ಮತ್ತೊಮ್ಮಿ ಇಳಿಸಿ ಬ್ಯಾರೆ ಪೆನ್‌ಡ್ರೈವಿಗೆ ಬರೀರಿ. ಡ್ರೈವರ್ ಹುಡುಕಲಿಕ್ಕೆ ಹೋಗಬ್ಯಾಡ್ರಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕ ಮುಗಿದೈತಿ. 11ಕ್ಕ ಅಧಿಕೃತವಾಗಿ 8ನೇ ಪೀಳಿಗೆಯಿಂದ ಮ್ಯಾಲಿನ ಇಂಟೆಲ್ ಮತ್ತ ಟಿಪಿಎಂ 2.0 (ಭದ್ರತಾ ಚಿಪ್) ಬೇಕು, ಎಚ್61ಕ್ಕ ಕೂಡೂದು 2ನೇ, 3ನೇ ಪೀಳಿಗೆ. ತಪ್ಪಿಸಿ ಹಾಕಿದ್ರ ನಡೀತೈತಿ ಖರೆ, ವರ್ಷದ ದೊಡ್ಡ ಅಪ್‌ಡೇಟ್ ಬಂದಾಗೊಮ್ಮಿ ಕೈಯಿಂದ ಮಾಡಬೇಕು. ಅಡತಿ ಲೆಕ್ಕದ ತಂತ್ರಾಂಶ, ಬ್ಯಾಂಕಿನ ವ್ಯವಹಾರ ನೆಟ್ ಮ್ಯಾಲ ಇದ್ರ ಆ ಎಸ್‌ಎಸ್‌ಡಿಯ ರೊಕ್ಕವನ್ನ ಹೊಸ ಬೋರ್ಡಿನ ಕಡೆ ಕೂಡಿಡೂದು ಶ್ಯಾಣ್ಯಾತನ.

ಗದಗ_ಡಿಟಿಪಿ:
ಇಎಫ್‌ಐ ಎಸ್‌ಎಸ್‌ಡಿಗೆ ಬಂತು, ಹಾರ್ಡ್ ಡಿಸ್ಕ್ ಇಲ್ದನೂ ಏಳ್ತೈತಿ. ಉಳಿದದ್ದು ಒಂದು. ಅಕ್ಷರ ಜೋಡಣೆ ತಂತ್ರಾಂಶದ ಯುಎಸ್‌ಬಿ ಡಾಂಗಲ್ (ಅದರ ಪರವಾನಿಗೆ ಕೀಲಿ) ಹಳೇ ವಿಂಡೋಸಿನಾಗ ನಡೀತಿತ್ತು. ಇಲ್ಲಿ ಅದೇ ಡ್ರೈವರ್ ಹಾಕಿದ್ರ ಕೋಡ್ 39, ಅಂದ್ರ ಡ್ರೈವರ್ ಲೋಡ್ ಆಗವಲ್ದು.

ಧಾರವಾಡ_ಲ್ಯಾಬ್:
ವಿಂಡೋಸ್ 11 ಹೊಸದಾಗಿ ಹಾಕಿದಾಗ ಹೊಂದೋ ಮಶೀನಿನಾಗ ಮೆಮೊರಿ ಇಂಟೆಗ್ರಿಟಿ ಅನ್ನೋ ರಕ್ಷಣೆ ತಾನೇ ಆನ್ ಇರ್ತದ. ಹಳೇ ನಮೂನಿಯ ಡ್ರೈವರನ್ನ ಅದು ಮೆಮೊರಿಗೆ ಬಿಡೋದಿಲ್ಲ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಶನ್ ಡೀಟೇಲ್ಸ್ ಒಳಗ ನೋಡ್ರಿ. ಅದನ್ನ ಆಫ್ ಮಾಡೋದು ಕಡೀ ಉಪಾಯ. ಮೊದಲ ಡಾಂಗಲಿನ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್ ಡಿವೈಸ್, ಡ್ರೈವರ್ ಅಳಿಸು ಅನ್ನೋ ಟಿಕ್ ಹಾಕಿ ಹಳೇದನ್ನ ಪೂರ್ತಿ ತಗೀರಿ. ಡಾಂಗಲ್ ಕಿತ್ತಿಟ್ಟು, ಅದರ ಚಿಪ್ ತಯಾರಕರ ಈಗಿನ ರನ್‌ಟೈಮ್ (ಡಾಂಗಲ್ ನಡಿಸೋ ಡ್ರೈವರ್ ಪ್ಯಾಕ್) ಹಾಕಿ, ಆಮೇಲೆ ಡಾಂಗಲ್ ಹಚ್ಚಿರಿ. ಡಾಂಗಲಿನ ತಯಾರಕರು ಯಾರು ಅಂತ ಗೊತ್ತಾಗದಿದ್ರ ಅದರ ಹಾರ್ಡ್‌ವೇರ್ ಐಡಿಯ ವಿಐಡಿ ಸಂಖ್ಯೆ ನೋಡ್ರಿ. ಯುಎಸ್‌ಬಿಯಲ್ಲಿ ವೆನ್ ಬದಲು ವಿಐಡಿ, ಡೆವ್ ಬದಲು ಪಿಐಡಿ ಅಂತ ಇರ್ತದ.

ಗದಗ_ಡಿಟಿಪಿ:
ವಿಐಡಿ 0529.

ಧಾರವಾಡ_ಲ್ಯಾಬ್:
ಅದು ಹ್ಯಾಸ್ಪ್ ಡಾಂಗಲ್. ಸೆಂಟಿನೆಲ್ ಅನ್ನೋ ಹೆಸರಿನಾಗ ಅದರ ರನ್‌ಟೈಮ್ ಸಿಗ್ತದ, ಮೆಮೊರಿ ಇಂಟೆಗ್ರಿಟಿ ಆನ್ ಇಟ್ಟೇ ಹಾಕಿ ನೋಡ್ರಿ. ಅದು ಕೂತ ಮೇಲೂ ತಂತ್ರಾಂಶ ಡಾಂಗಲ್ ಇಲ್ಲ ಅಂದ್ರ ಮುಂದಿನ ಯುಎಸ್‌ಬಿ ಪೋರ್ಟ್ ಬಿಟ್ಟು ಬೋರ್ಡಿನ ಹಿಂದಿನ ಯುಎಸ್‌ಬಿ 2 ಪೋರ್ಟಿಗೆ ಹಚ್ಚಿರಿ.